ಹಿರಿಯಳಿಯ ಹಾಕಿದ ಮೇವು

ಯರ್ರಿಸ್ವಾಮಿಯ ಕಾರಿಗೆ ಏಸಿ ಇರಲಿಲ್ಲ. ಇಷ್ಟು ವರ್ಷ ಅದು ಯಾರಿಗೂ ಕೊರತೆಯಾಗಿ ಕಂಡಿರಲಿಲ್ಲ. ಇವತ್ತು ಬೆಳಗ್ಗೆ ಎಲ್ಲರಿಗೂ ಒಟ್ಟಿಗೇ ಕಂಡಿತು.

ಹಿರೇಹಡಗಲಿಯ ಹನುಮಣ್ಣನ ಮನೆಯ ಮುಂದೆ ಎರಡು ಕಾರು ನಿಂತಿದ್ದವು. ಬೇವಿನ ನೆರಳಿನಲ್ಲಿದ್ದದ್ದು ಹಿರಿಯಳಿಯ ಯರ್ರಿಸ್ವಾಮಿಯ ಬಿಳಿ ಕಾರು. ಬಿಳಿ ಎನ್ನುವುದು ಆರ್‌ಸಿಯಲ್ಲಿ ಮಾತ್ರ ಉಳಿದಿತ್ತು. ಬಿಸಿಲಿನಲ್ಲಿ ನಿಂತು ಮಿಂಚುತ್ತಿದ್ದದ್ದು ಕಿರಿಯಳಿಯ ಕಾಂತೇಶನ ಕೆಂಪು ಕಾರು. ಯುಗಾದಿ ಮುಗಿದಿತ್ತು. ಕೂಡ್ಲಿಗಿಯಾಚೆ ಗುಡ್ಡದ ಮೇಲಿರುವ ಮನೆದೇವರು ಗುಡ್ಡದವ್ವನಿಗೆ ಮರಿ ಕೊಡಲು ಇಡೀ ಮನೆ ಹೊರಟಿತ್ತು. ಕಾಂತೇಶ ಒಳಗೆ ಕೂತು ಏಸಿ ಹಾಕಿದ್ದೇ ತಡ, ಅತ್ತೆ ಎರ್ರೆಮ್ಮ ಸೆರಗು ಬಿಗಿದುಕೊಂಡು ಹಿಂದಿನ ಸೀಟಿಗೆ ನುಗ್ಗಿದಳು. ಅವಳ ಹಿಂದೆ ಕಾಂತೇಶನ ಹೆಂಡತಿ ರೋಜಾ. ಅವಳ ಹಿಂದೆ, ಆರು ವರ್ಷದ ಮಗಳ ಕೈ ಹಿಡಿದು, ಯರ್ರಿಸ್ವಾಮಿಯ ಹೆಂಡತಿ ಚಂದನಾ.

"ನೀನೂ ಅಲ್ಲೇ ಕುಂದರ್ತಿಯೇನು?" ಎಂದ ಯರ್ರಿಸ್ವಾಮಿ.

"ಹುಡುಗಿಗೆ ಬಿಸ್ಲು ಆಗಂಗಿಲ್ಲ ನೋಡ್ರಿ. ನಿಮ್ಮ ಗಾಡ್ಯಾಗ ಮರಿ ಬ್ಯಾರೆ ಐತಿ. ವಾಸನಿ."

ನಿಮ್ಮ ಗಾಡಿ ಎಂದಳು. ನಮ್ಮ ಗಾಡಿ ಎನ್ನಲಿಲ್ಲ. ಯರ್ರಿಸ್ವಾಮಿ ಪಾತ್ರೆ ಚೀಲ ಡಿಕ್ಕಿಗೆ ತುಂಬುತ್ತ ಅದನ್ನೇ ಅಗಿದ. ಇದೇ ಕಾರಿನಲ್ಲಿ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದ. ಇದೇ ಕಾರಿಗೆ ಹೂವು ಕಟ್ಟಿ, ರೋಜಾಳ ಮದುವೆಯಲ್ಲಿ ಮದುಮಗ ಕಾಂತೇಶನನ್ನು ಕೂರಿಸಿಕೊಂಡು ಮೆರವಣಿಗೆ ಮಾಡಿದ್ದ. ಹನುಮಣ್ಣನ ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಕೊಟ್ಟೂರಿನಲ್ಲಿದ್ದ ಅವನಿಗೆ ಫೋನ್ ಬರುತ್ತಿತ್ತು. ಯರ್ರಿಸ್ವಾಮಿ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಶಟರ್ ಎಳೆದು ಓಡಿ ಬರುತ್ತಿದ್ದ. ಕಳೆದ ಮಳೆಗಾಲದಲ್ಲಿ ಕಾಂತೇಶ ಈ ಕೆಂಪು ಕಾರು ತಂದ ಮೇಲೆ ಫೋನ್ ಬರುವುದು ನಿಂತಿತು.

ಹನುಮಣ್ಣ ಹೊರಗೆ ಬಂದ. ಹೆಗಲ ಮೇಲೆ ಕರಿ ಕಂಬಳಿ. ಎರಡೂ ಕಾರನ್ನು ನೋಡಿದ. ಯರ್ರಿಸ್ವಾಮಿ ಓಡಿ ಹೋಗಿ ತನ್ನ ಕಾರಿನ ಮುಂದಿನ ಬಾಗಿಲು ತೆರೆದು ನಿಂತ.

"ಕಾಂತ್ಯಾ, ಬಾಗಲಾ ತಗೀಲೇ," ಎಂದ ಹನುಮಣ್ಣ, ಕೆಂಪು ಕಾರಿನ ಗಾಜು ಬಡಿಯುತ್ತ.

ಏಸಿಯ ವಿಷಯ ಯರ್ರಿಸ್ವಾಮಿ ಹೇಗೋ ನುಂಗುತ್ತಿದ್ದನೇನೋ. ಈ 'ಲೇ' ಗಂಟಲಲ್ಲಿ ಸಿಕ್ಕಿಕೊಂಡಿತು. ಅಳಿಯಂದಿರನ್ನು ಬರ್ರಿ ಹೋಗ್ರಿ ಅನ್ನುವ ಮನೆ ಅದು. ಯರ್ರಿಸ್ವಾಮಿಗೆ ಮಾತ್ರ ಹನುಮಣ್ಣ, ಗಂಡುಮಕ್ಕಳಿಲ್ಲದ ಮನುಷ್ಯ, 'ಬಾರಲೇ ಯರ್ರೀ' ಅನ್ನುತ್ತಿದ್ದ. ಊರ ಜನರ ಮುಂದೆ ಹಾಗೆ ಕರೆಸಿಕೊಂಡಾಗಲೆಲ್ಲ ಯರ್ರಿಸ್ವಾಮಿಯ ಎದೆ ಎರಡು ಬೆರಳು ಉಬ್ಬುತ್ತಿತ್ತು. ಆ ಮಾತು ಇಬ್ಬರಿಗೂ ಹಂಚಿ ಹೋಗಬಹುದು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ತೆರೆದ ಬಾಗಿಲಲ್ಲಿ ಹನುಮಣ್ಣನ ಅಕ್ಕ ಜಂಬಕ್ಕ ಬಂದು ಕೂತಳು. ಗಂಡ ಸತ್ತ ಮೇಲೆ ತವರಿಗೆ ಬಂದು ತಮ್ಮನ ಕುರಿ, ತಮ್ಮನ ಮಕ್ಕಳು ಎರಡನ್ನೂ ಸಾಕಿದವಳು.

"ಆ ತಣ್ಣನ ಗಾಳಿಗಿ ಹೊಟ್ಟಿ ತೊಳಸ್ತೈತಿ ನಂಗ," ಎಂದಳು. "ಮರಿ ಕೂಡ ಬರ್ತೀನಿ. ಅದು ಹೊಸಾ ಗಾಡಿ ಸುದ್ದಿ ಹೇಳಂಗಿಲ್ಲ."

ಹಿಂದಿನ ಸೀಟಿನಲ್ಲಿ ಗೋಣಿಚೀಲದ ಮೇಲೆ ಕಟ್ಟಿ ಹಾಕಿದ ಟಗರು ಮರಿ ಯರ್ರಿಸ್ವಾಮಿಯ ಕಿವಿಯ ಹತ್ತಿರ ಒಮ್ಮೆ ಸೀನಿತು.

ಹಡಗಲಿ ದಾಟುವುದರೊಳಗೆ ಕೆಂಪು ಕಾರು ಮೂರು ಬಸ್ಸು ಹಿಂದೆ ಹಾಕಿ ಕಣ್ಮರೆಯಾಯಿತು. ಯರ್ರಿಸ್ವಾಮಿ ಆಕ್ಸಿಲೇಟರ್ ಒತ್ತಿದ. ಒತ್ತಿದಷ್ಟೂ ಸದ್ದು ಬಂತು, ವೇಗ ಬರಲಿಲ್ಲ.

"ಯಾಕ ಹಲ್ಲು ಕಡೀತಿದಿ?" ಎಂದಳು ಜಂಬಕ್ಕ. "ಗುಡ್ಡದವ್ವ ಎಲ್ಲಿಗೂ ಓಡಿ ಹೋಗಂಗಿಲ್ಲ."

"ನಾನೆಲ್ಲಿ ಕಡ್ದೆ ಅತ್ತಿ."

"ಇಲ್ಲಿತಂಕ ಕೇಳಾಕತ್ತೈತಿ."

ಹಗರಿಬೊಮ್ಮನಹಳ್ಳಿಯ ಹೋಟೆಲ್ ಮುಂದೆ ಉಳಿದವರೆಲ್ಲ ಆಗಲೇ ಒಗ್ಗಾಣಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದರು. ಮಗಳು ಓಡಿ ಬಂದು, "ಅಪ್ಪಾ, ಕಾಕಾನ ಗಾಡಿ ವಿಮಾನ ಇದ್ದಂಗ ಹೋತು. ನೀ ಯಾಕ ಇಷ್ಟ್ ಲೇಟು?" ಎಂದಳು. ಎರ್ರೆಮ್ಮ ನಕ್ಕಳು. ಚಂದನಾಳೂ ನಕ್ಕಳು. ಯರ್ರಿಸ್ವಾಮಿ ಮಿರ್ಚಿ ಕಚ್ಚಿದ; ಅದು ಆರಿ ಹೋಗಿತ್ತು.

ಕಾಂತೇಶನ ಕಾರಿನ ಟ್ಯಾಂಕು ತಳ ಕಂಡಿತ್ತು. ಬೆಳಗ್ಗೆಯೇ ಅವನು ತುಂಬಿಸಿಕೊಳ್ಳಬಹುದಿತ್ತು, ಬೇಕೆಂದೇ ತುಂಬಿಸಿರಲಿಲ್ಲ. ಹನುಮಣ್ಣನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬಂಡಿ ಕಟ್ಟಿಕೊಂಡು ಮನೆದೇವರಿಗೆ ಹೋಗುತ್ತಿದ್ದ ಕಾಲದಲ್ಲಿ ದಾರಿಯಲ್ಲಿ ಎತ್ತು ಬಿಚ್ಚಿ ಮೇವು ನೀರು ಹಾಕುವುದು ಹಿರಿಯಳಿಯನ ಹಕ್ಕು. ಮೇವು ಅವನೇ ತರಬೇಕು, ಹೊಟ್ಟೆ ತುಂಬ ಹಾಕಬೇಕು, ಬೇರೆ ಯಾರೂ ಹಗ್ಗ ಮುಟ್ಟುವಂತಿಲ್ಲ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಹೋಗಿ ಕಾರು ಬಂತು. ಹುಲ್ಲಿನ ಜಾಗಕ್ಕೆ ಪೆಟ್ರೋಲ್ ಬಂತು. ಪದ್ಧತಿ ಅಲ್ಲಾಡಲಿಲ್ಲ. ಇಷ್ಟು ವರ್ಷ ಯರ್ರಿಸ್ವಾಮಿ ತನ್ನ ಕಾರಿಗೇ ತಾನು ಮೇವು ಹಾಕಿಕೊಂಡು ಬಂದಿದ್ದ. ಇನ್ನೊಬ್ಬನ ಎತ್ತಿಗೆ ಹಾಕುವುದು ಇದೇ ಮೊದಲು.

ಕಾಂತೇಶ ಎದ್ದು ಬಂದು ಎರಡೂ ಕೈಯಲ್ಲಿ ಕೀಲಿ ಕೊಟ್ಟ. ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವವನು. ಕೈ ದೊಡ್ಡದು, ಮಾತೂ ದೊಡ್ಡದು, ಒಳಗೊಂದು ಹೊರಗೊಂದು ಇಲ್ಲ.

"ಅಣ್ಣಾ, ಒಂದ್ ಮಾತು. ಸಾದಾ ಪೆಟ್ರೋಲ್ ಹಾಕಸಬ್ಯಾಡ. ತೊಂಬತ್ತೈದು ಅಂತ ಬರ್ತೈತಿ ನೋಡು, ಅದು. ನಂಗ ಮಾರಿದ ಇಂಜಿನಿಯರ್ ಬೆಂಗಳೂರಾಗ ಇದರ ಇಂಜಿನ್ ಟ್ಯೂನ್ ಮಾಡಿಸ್ಯಾನ. ಜೋರು ಬರಂಗ. ಸಾದಾ ಹಾಕಿದ್ರ ಒಳಗ ಬೆಂಕಿ ಹೊತ್ತಿಗಿಂತ ಮೊದ್ಲ ಹತ್ತತೈತಂತ. ಪಿಸ್ಟನ್ ತಡಿಯಂಗಿಲ್ಲ ಅಂತ ಕಂಡಾಪಟ್ಟಿ ಹೇಳ್ಯಾನ."

"ಗೊತ್ತಾತು ಬಿಡಪ," ಎಂದ ಯರ್ರಿಸ್ವಾಮಿ.

"ಇಲ್ಲಿ ಬಂಕಿನ್ಯಾಗ ಐತಿ, ನಾ ವಿಚಾರಿಸೀನಿ. ತೊಂಬತ್ತೈದು ಮರೀಬ್ಯಾಡ ಅಣ್ಣಾ."

"ಗೊತ್ತಾತು ಅಂದ್ನಲ್ಲ! ಮೋಟಾರ್ ಕಾಯಿಲ್ ಕಟ್ಟೋನಿಗೆ ಪೆಟ್ರೋಲ್ ಪಾಠ ಹೇಳ್ತಿಯೇನು?"

ಎಲ್ಲರೂ ನಕ್ಕರು. ಯರ್ರಿಸ್ವಾಮಿಯೂ ನಕ್ಕ. ಜಂಬಕ್ಕ ಬಂಕಿನಲ್ಲಿ ಒಂದಕ್ಕೆ ಹೋಗಬೇಕೆಂದು ಜೊತೆಗೆ ಬಂದಳು. ಏಸಿ ಹಾಕಬಾರದೆಂಬ ಕರಾರು ಮಾಡಿ, ಗಾಜು ಇಳಿಸಿಕೊಂಡು ಕೂತಳು.

ಹೋಟೆಲಿನಿಂದ ಬಂಕಿಗೆ ಅರ್ಧ ಕಿಲೋಮೀಟರ್ ಇತ್ತೋ ಇಲ್ಲವೋ. ಅಷ್ಟರಲ್ಲೇ ಯರ್ರಿಸ್ವಾಮಿಗೆ ಆ ಕಾರು ಏನೆಂದು ತಿಳಿಯಿತು. ಕಾಲು ಮುಟ್ಟಿಸಿದರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತಿತ್ತು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಬೆವರಿತ್ತು, ಮೂಗಿನ ಮೇಲೆ ರಸ್ತೆಯ ಧೂಳಿತ್ತು. ಸೀಟಿನಲ್ಲಿ ರೋಜಾಳ ಪೌಡರಿನ ವಾಸನೆ, ಚಂದನಾಳ ತಲೆಯ ಮಲ್ಲಿಗೆ ವಾಸನೆ ಎರಡೂ ಕಲೆತಿದ್ದವು. ಅವನಿಗೆ ಈ ಕಾರು ಬೇಕೆನಿಸಲಿಲ್ಲ. ಕಾಂತೇಶನಿಗೆ ಇರಬಾರದು ಎನಿಸಿತು. ಅಷ್ಟೇ.

ಬಂಕಿನಲ್ಲಿ ನೀಲಿ ಸಮವಸ್ತ್ರದ ಒಬ್ಬ ಹುಡುಗಿ ಇದ್ದಳು. ಜಂಬಕ್ಕನಿಗೆ ಕೈ ಹಿಡಿದು ಇಳಿಸಿ, ಹಿಂದಿನ ಕೋಣೆ ತೋರಿಸಿ, ಬರುವಾಗ ಕುಡಿಯಲು ನೀರು ಕೊಟ್ಟಳು. ಜಂಬಕ್ಕ ನೀರು ಕುಡಿಯುತ್ತ ಕಾರಿನ ಪಕ್ಕದಲ್ಲೇ ನಿಂತಳು. ಹುಡುಗಿ ಟ್ಯಾಂಕಿನ ಮುಚ್ಚಳ ತೆರೆದಳು. ಒಳಗೆ ಕೆಂಪು ಚೀಟಿಯೊಂದು ಅಂಟಿಸಿತ್ತು. ಅದರ ಮೇಲೆ ದಪ್ಪಗೆ 95.

"ತೊಂಬತ್ತೈದು ಹಾಕ್ಲೇನ್ರಿ?"

ಎರಡು ಪಂಪು ಅಕ್ಕಪಕ್ಕ ನಿಂತಿದ್ದವು. ಯರ್ರಿಸ್ವಾಮಿ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಲೀಟರಿಗೆ ಒಂದಿಷ್ಟು ಹೆಚ್ಚು; ಅದು ಅವನಿಗೆ ಲೆಕ್ಕವೇ ಅಲ್ಲ, ಜೇಬಿನಲ್ಲಿ ಬೇಕಾದಷ್ಟಿತ್ತು. ತನ್ನ ಕಾರು ಹದಿನೈದು ವರ್ಷ ಸಾದಾ ಕುಡಿದು ಈ ಮನೆಯ ಮಂದಿಯನ್ನೆಲ್ಲ ಹೊತ್ತಿತ್ತು. ಯಾರೂ ಅದಕ್ಕೆ ಏನು ಬೇಕು ಎಂದು ಕೇಳಿರಲಿಲ್ಲ. ಇದಕ್ಕೆ ಚೀಟಿ ಬೇರೆ. ಕಾರು ಪೂರ್ತಿ ಕೆಡಲಿ ಎಂದು ಅವನು ಅಂದುಕೊಳ್ಳಲಿಲ್ಲ. ಗುಡ್ಡದ ಏರಿನಲ್ಲಿ ಒಂದು ಸಲ ಏದುಸಿರು ಬಿಟ್ಟರೆ ಸಾಕು, ಮಾವನ ಮುಂದೆ ಒಂದು ಸಲ ತಡವರಿಸಿದರೆ ಸಾಕು ಎಂದುಕೊಂಡ.

"ಸಾದಾ ಹಾಕು."

"ಇಲ್ಲಿ ತೊಂಬತ್ತೈದು ಅಂತ ಹಚ್ಯಾರ ನೋಡ್ರಿ ಅಣ್ಣ..."

"ಗಾಡಿ ನಂದೋ ನಿಂದೋ? ಸಾದಾ ಹಾಕವಾ. ಟ್ಯಾಂಕ್ ತುಂಬ ಹಾಕು."

ಟ್ಯಾಂಕು ತುಂಬಿ, ಬಾಯಿಯ ತನಕ ಬಂದು, ನಳಿಕೆ ತಾನೇ ನಿಂತಿತು. ಮೇವು ಹೊಟ್ಟೆ ತುಂಬ ಬಿದ್ದಿತ್ತು. ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ವಾಪಸ್ ಬರುವಾಗ ಜಂಬಕ್ಕ ಕೇಳಿದಳು. "ಆ ಹುಡುಗಿ ಒಂದು ಹೇಳಿದ್ಲು, ನೀ ಒಂದು ಹಾಕಿಸಿದಿ."

"ಎಲ್ಲಾ ಒಂದೇ ಅತ್ತಿ. ಹೆಸರು ಬ್ಯಾರೆ."

"ಮತ್ತ ಅವ ಯಾಕ ಅಷ್ಟು ಒತ್ತಿ ಒತ್ತಿ ಹೇಳಿದ?"

"ಅವಂಗ ದೊಡ್ಡಸ್ತನ."

ಜಂಬಕ್ಕ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೂಂ. ನಿಂಗ ಏನೂ ಇಲ್ಲ ಬಿಡು ಪಾಪ," ಎಂದು ಕಿಟಕಿಯ ಕಡೆ ತಿರುಗಿದಳು.

ಕೂಡ್ಲಿಗಿ ಮುಟ್ಟಿದಾಗ ಕಾಂತೇಶ ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಾನೆಟ್ ಎತ್ತಿದ್ದ. ಯರ್ರಿಸ್ವಾಮಿ ಕಾರು ನಿಲ್ಲಿಸಿ ಇಳಿದು ಬಂದ. ಒಳಗಿದ್ದದ್ದು ಭಯವೋ ಸಂತೋಷವೋ ಅವನಿಗೇ ಬಿಡಿಸಲಾಗಲಿಲ್ಲ.

"ಅಣ್ಣಾ, ಯಾಕೋ ಜೋರು ಒತ್ತಿದ್ರ ಕಟಕಟ ಅಂತೈತಿ. ಮೊದ್ಲು ಹಿಂಗ ಇರ್ಲಿಲ್ಲ." ಕಾಂತೇಶ ದನಿ ತಗ್ಗಿಸಿದ. "ತೊಂಬತ್ತೈದ ಹಾಕಿಸಿದಿ ಹೌದಿಲ್ಲ?"

ಹನುಮಣ್ಣ ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದ. ಚಂದನಾ ಗಾಜು ಇಳಿಸಿ ಕತ್ತು ಹೊರಗೆ ಹಾಕಿದ್ದಳು. ಈಗ ಹೇಳಿದ್ದರೆ ಆಗುತ್ತಿತ್ತು. ಮರೆತೆ, ಆ ಹುಡುಗಿ ಯಾವುದು ಹಾಕಿದಳೋ ನೋಡಲಿಲ್ಲ, ಏನು ಹೇಳಿದ್ದರೂ ನಡೆಯುತ್ತಿತ್ತು. ಕಾಂತೇಶ ನಿಧಾನ ಓಡಿಸುತ್ತಿದ್ದ, ಇಲ್ಲವೇ ಕಾರು ಇಲ್ಲೇ ಬಿಟ್ಟು ಆಟೋ ಹಿಡಿಯುತ್ತಿದ್ದ. ಎಲ್ಲರೂ ಬಾಯಿಬಿಟ್ಟು ಯರ್ರಿಸ್ವಾಮಿಯನ್ನೇ ನೋಡುತ್ತಿದ್ದರು. ಬೆಳಗ್ಗೆಯಿಂದ ಯಾರೂ ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಮತ್ತೇನು ಸೀಮೆಎಣ್ಣಿ ಹಾಕ್ಸೀನೇನು?" ಎಂದ. "ತೊಂಬತ್ತೈದ ಹಾಕ್ಸೀನಿ."

"ಯರ್ರಿ ಹಾಕ್ಸೀನಿ ಅಂದ್ರ ಮುಗೀತಲೇ," ಎಂದ ಹನುಮಣ್ಣ ಒಳಗಿಂದ. "ಅವನ ಕೈಯ್ಯಾಗ ಎಂದೂ ಹೆಚ್ಚುಕಮ್ಮಿ ಆಗಿಲ್ಲ. ನಿನ್ನ ಗಾಡಿನ ಹಂಗ ಕೂಗತೈತಿ. ನಡಿ ನಡಿ, ಹೊತ್ತಾತು."

ಯರ್ರಿಸ್ವಾಮಿ ತನ್ನ ಕಾರಿಗೆ ಬಂದು ಕೂತ. ಮಾವ ಅಂಥ ಮಾತು ಆಡಿ ಎಷ್ಟೋ ತಿಂಗಳಾಗಿತ್ತು. ಅದು ಬಂದದ್ದೂ ಬಂತು, ಈ ಹೊತ್ತಿನಲ್ಲಿ ಬಂತು. ಜಂಬಕ್ಕ ಎಲೆ ಅಡಿಕೆ ಚೀಲ ಬಿಚ್ಚಿ, ಏನೂ ತೆಗೆದುಕೊಳ್ಳದೆ ಮತ್ತೆ ಕಟ್ಟಿದಳು.

ಡಾಂಬರು ಮುಗಿದ ಮೇಲೆ ಗುಡ್ಡಕ್ಕೆ ಸಿಮೆಂಟು ರಸ್ತೆ. ಎರಡೂ ಬದಿ ಕರಿ ಬಂಡೆ, ಕಾರೆಗಿಡ, ಕಮರಿದ ಹುಲ್ಲು. ಬಂಡೆಗಳ ಕಾವು ರಸ್ತೆಯ ಮೇಲೆ ನಡುಗುತ್ತಿತ್ತು. ಕೆಂಪು ಕಾರಿನಲ್ಲಿ ಆರು ಜನ, ಏಸಿ ಪೂರ್ತಿ ಹಾಕಿತ್ತು. ಮೊದಲ ತಿರುವಿನಲ್ಲಿ ಯರ್ರಿಸ್ವಾಮಿಗೆ ಸದ್ದು ಕೇಳಿಸಿತು. ಬಾಣಲೆಯಲ್ಲಿ ಶೇಂಗಾ ಹುರಿಯುವಾಗ ಬರುವಂಥ ಸದ್ದು, ಕಬ್ಬಿಣದ ಶೇಂಗಾ. ಕಾಂತೇಶ ಕಾಲು ತೆಗೆದರೆ ನಿಲ್ಲುತ್ತಿತ್ತು, ಒತ್ತಿದರೆ ಬರುತ್ತಿತ್ತು. ಏರು ಒತ್ತಿಸದೆ ಬಿಡುತ್ತಿರಲಿಲ್ಲ. ಯಂತ್ರವೊಂದು ಒಳಗಿಂದ ತನ್ನನ್ನೇ ಬಡಿದುಕೊಳ್ಳುವ ಸದ್ದು ಹೇಗಿರುತ್ತದೆ ಎಂದು ಯರ್ರಿಸ್ವಾಮಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುಟ್ಟ ಮೋಟಾರು ಹೊತ್ತು ತರುವ ರೈತರಿಗೆ, ಸದ್ದು ಬಂದಾಗಲೇ ಯಾಕೆ ಬಂದ್ ಮಾಡಲಿಲ್ಲ ಎಂದು ಅವನೇ ದಿನಾ ಬೈಯುತ್ತಿದ್ದ.

ಹಾರ್ನ್ ಮೇಲೆ ಕೈ ಇಟ್ಟ. ಒತ್ತಿದರೆ ಕಾಂತೇಶ ನಿಲ್ಲುತ್ತಾನೆ. ಹಿಂದಿನ ಗಾಜಿನಲ್ಲಿ ಮಗಳು ಮಂಡಿಯೂರಿ ಕೂತು ಅವನಿಗೆ ಟಾಟಾ ಮಾಡುತ್ತಿದ್ದಳು. ಇನ್ನೊಂದು ತಿರುವು ನೋಡೋಣ ಎಂದುಕೊಂಡ. ಆ ತಿರುವು ಬಂತು. ಇನ್ನೊಂದು ನೋಡೋಣ ಎಂದುಕೊಂಡ.

ಆ ಇನ್ನೊಂದರಲ್ಲಿ 'ಟಪ್' ಎಂದಿತು. ಕೆಂಪು ಕಾರು ಒಮ್ಮೆ ಮೈ ಕೊಡವಿ, ಗಡಗಡ ನಡುಗಿ, ಹಿಂದಿನಿಂದ ನೀಲಿ ಹೊಗೆ ಕಕ್ಕಿತು. ಹೆಂಗಸರು ಕೂಗಿಕೊಂಡು ಇಳಿದರು. ಕಾಂತೇಶ ಬಾನೆಟ್ ಎತ್ತಿ ಕೈ ಸುಟ್ಟುಕೊಂಡ. ಯರ್ರಿಸ್ವಾಮಿ ಹಿಂದೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನಿಧಾನವಾಗಿ ನಡೆದು ಬಂದ.

"ಏನಾತಪ?"

"ಹೋತು ಅಣ್ಣಾ," ಎಂದ ಕಾಂತೇಶ. "ಒಳಗ ಹೋತು."

ಮುಂದಿನ ಒಂದು ತಾಸು ಯರ್ರಿಸ್ವಾಮಿಯ ಜೀವನದಲ್ಲೇ ಒಳ್ಳೆಯ ತಾಸಾಗಿತ್ತು. ಮರಿಯನ್ನು, ಪಾತ್ರೆಗಳನ್ನು, ಜಂಬಕ್ಕನನ್ನು ಮೇಲೆ ಬಿಟ್ಟು ಬಂದ. ಎರ್ರೆಮ್ಮನನ್ನು, ರೋಜಾಳನ್ನು ಹತ್ತಿಸಿಕೊಂಡು ಹೋದ. ಮತ್ತೆ ಬಂದು ಹೆಂಡತಿ ಮಗಳನ್ನು ಕರೆದೊಯ್ದ. ಹಳೆಯ ಕಾರು ಮೊದಲ ಗೇರಿನಲ್ಲಿ ಗೊಣಗುತ್ತ, ಕಿಟಕಿಯಿಂದ ಬಿಸಿಗಾಳಿ ಹೊಡೆಸಿಕೊಳ್ಳುತ್ತ, ಪ್ರತಿ ಸಲವೂ ಹತ್ತಿತು. ಯಾರೂ ಬಿಸಿಲು ಎನ್ನಲಿಲ್ಲ, ವಾಸನೆ ಎನ್ನಲಿಲ್ಲ. ಕೊನೆಗೆ ಹನುಮಣ್ಣ ಮುಂದಿನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, "ಇದಪ ಗಾಡಿ," ಎಂದ. ಹಿಂದೆ ಕೂತ ಕಾಂತೇಶ, "ಹೌದ್ರಿ ಮಾವ," ಎಂದ. ಯರ್ರಿಸ್ವಾಮಿಗೆ ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳಬೇಕಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೂಜೆ ಮುಗಿದು ಅಡುಗೆಯಾಯಿತು. ಬಂಡೆಯ ನೆರಳಿನಲ್ಲಿ ಎಲೆ ಹಾಕಿದರು. ಹನುಮಣ್ಣ ತನ್ನ ಕಂಬಳಿ ಮಡಚಿ ಹಾಸಿ, "ಕುಂದ್ರಲೇ ಯರ್ರೀ," ಎಂದ. ಆದರೆ ಮಾತೆಲ್ಲ ಕಾಂತೇಶನ ಸುತ್ತಲೇ ಸುತ್ತುತ್ತಿತ್ತು. ರೋಜಾ ಅವನ ಸುಟ್ಟ ಬೆರಳಿಗೆ ಅರಿಶಿನ ಹಚ್ಚಿದಳು. ಎರ್ರೆಮ್ಮ ಎಲುಬಿಲ್ಲದ ತುಂಡು ಹುಡುಕಿ ಹುಡುಕಿ ಅವನ ಎಲೆಗೆ ಹಾಕಿದಳು. ಚಂದನಾ ಕೂಡ, "ಮನಸಿಗೆ ಹಚ್ಚಿಕೋಬ್ಯಾಡ ಕಾಂತೇಶಣ್ಣ," ಎಂದಳು. ಕಾರು ಓಡಿದರೂ ಅವನೇ, ಕೆಟ್ಟರೂ ಅವನೇ. ಗುಡ್ಡ ಹತ್ತಿಸಿದವನ ಎಲೆಗೆ ಇನ್ನೂ ಸಾರು ಬಿದ್ದಿರಲಿಲ್ಲ.

"ನಾ ಬಿಡಂಗಿಲ್ಲ ಮಾವ," ಎನ್ನುತ್ತಿದ್ದ ಕಾಂತೇಶ. "ಕಲಬೆರಕಿ ಪೆಟ್ರೋಲ್ ಅದು. ಆ ಬಂಕಿನ್ಯಾಗ ಯಾರು ಹಾಕ್ಯಾರಲ್ಲ, ಅವರ ಕೆಲಸ ಬಿಡಿಸಿನೇ ಮನಿಗಿ ಹೋಗೋದು. ಮಾಲಕನ ಮುಂದ ನಿಂದ್ರಸ್ತೀನಿ."

"ಮೊದ್ಲು ಉಣ್ಣು," ಎಂದ ಹನುಮಣ್ಣ.

ಉಣ್ಣುವ ಮೊದಲು ಕೇಳುವ ಮಾತೊಂದಿತ್ತು. ಎತ್ತು ಮೇದವೆಂದು ಹಿರಿಯಳಿಯ ಹೇಳದೆ ಆ ಮನೆಯಲ್ಲಿ ಯಾರೂ ದೇವರ ಊಟಕ್ಕೆ ಕೈ ಹಾಕುವಂತಿರಲಿಲ್ಲ. ಕೆಳಗೆ ಸತ್ತು ನಿಂತ ಕಾರನ್ನು ನೆನೆದು ಎರ್ರೆಮ್ಮ, "ಇವತ್ತು ಬ್ಯಾಡ ಬಿಡ್ರಿ," ಎಂದಳು.

"ಕೇಳೋದು ಕೇಳಬೇಕು," ಎಂದ ಹನುಮಣ್ಣ. ಗುಡಿಯ ಕಡೆ ಒಮ್ಮೆ ಕೈ ಮುಗಿದ. "ಎತ್ತು ಮೇದಾವೇನಪ?"

ಯರ್ರಿಸ್ವಾಮಿ ಕಾಂತೇಶನನ್ನು ನೋಡಿದ. ಅಂಗಿ ತುಂಬ ಎಣ್ಣೆ ಕಲೆ, ಬೆರಳಿಗೆ ಅರಿಶಿನ, ಎಲೆಯ ತುಂಬ ತುಂಡು. ಕಾಂತೇಶ ಅವನಿಗೆ ಸಣ್ಣಗೆ ನಕ್ಕ, ಹೇಳಣ್ಣಾ ಎನ್ನುವ ಹಾಗೆ.

"ಮೇದಾವ," ಎಂದ ಯರ್ರಿಸ್ವಾಮಿ.

ಎಲ್ಲರ ಕೈಯೂ ಎಲೆಗೆ ಹೋಯಿತು. ಜಂಬಕ್ಕನ ಕೈ ಮಡಿಲಲ್ಲೇ ಇತ್ತು.

"ಯಾಕಕ್ಕ, ಉಣ್ಣು," ಎಂದ ಹನುಮಣ್ಣ.

"ಕಾಂತೇಶಾ," ಎಂದಳು ಜಂಬಕ್ಕ, ತಮ್ಮನಿಗೆ ಉತ್ತರ ಕೊಡದೆ. "ಆ ಬಂಕಿನ ಹುಡುಗಿ ತಂಟೆಕ್ಕ ಹೋಗಬ್ಯಾಡ. ಆಕಿ ತೊಂಬತ್ತೈದು ಹಾಕ್ಲೇನ್ರಿ ಅಂತ ಕೇಳಿದ್ಲು. ಚೀಟಿ ಹಚ್ಯಾರ ನೋಡ್ರಿ ಅಂತನೂ ಅಂದ್ಲು. ಇವನೇ ಸಾದಾ ಹಾಕು ಅಂದ. ನಾ ಅಲ್ಲೇ ನಿಂತಿದ್ದೆ, ಆಕಿ ಕೊಟ್ಟ ನೀರು ಕುಡಕೋಂತ. ಕೂಡ್ಲಿಗ್ಯಾಗ ಇವ ಹೇಳತಾನ ಅಂತ ನೋಡಿದೆ. ಇಲ್ಲಿ ದೇವ್ರ ಮುಂದ ಆದ್ರೂ ಹೇಳತಾನ ಅಂತ ನೋಡಿದೆ."

ಮಗಳು ಎಲುಬು ಚೀಪುವ ಸದ್ದು ಮಾತ್ರ ಕೇಳಿಸುತ್ತಿತ್ತು. ಚಂದನಾ ಗಂಡನ ಮುಖ ನೋಡಿದಳು; ಒಂದೇ ಸಲ ನೋಡಿ ಸಾಕಾದವಳಂತೆ ತನ್ನ ಎಲೆಗೆ ಕಣ್ಣು ಇಳಿಸಿದಳು.

"ಮರ್ತಿದ್ಯೇನಣ್ಣಾ?" ಎಂದ ಕಾಂತೇಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅನ್ನಲಿ ಎಂದು ಬೇಡಿಕೊಳ್ಳುವಂತಿತ್ತು.

ಯರ್ರಿಸ್ವಾಮಿ ಬಾಯಿ ತೆರೆದ. ಹೌದು ಎನ್ನುವುದರಲ್ಲಿದ್ದ.

"ಮರ್ತಿಲ್ಲ," ಎಂದ ಹನುಮಣ್ಣ. ತುತ್ತು ಕಲಸಿದ್ದ ಕೈಯನ್ನು ಎಲೆಯಲ್ಲೇ ಒರೆಸಿದ. ಯರ್ರಿಸ್ವಾಮಿಯ ಕಡೆ ತಿರುಗಿ, ಹೊಸ ನೆಂಟರಿಗೆ ಹೇಳುವಷ್ಟು ಮೆತ್ತಗೆ, "ನೀವು ಉಣ್ರಿ. ಆರತೈತಿ," ಎಂದ.

ಯರ್ರಿಸ್ವಾಮಿ ಉಂಡ. ಕಂಬಳಿಯ ಮೇಲಿಂದ ಏಳುವುದಕ್ಕೂ ಆಗದೆ, ಕೂರುವುದಕ್ಕೂ ಆಗದೆ, ಎಲೆ ಖಾಲಿಯಾಗುವ ತನಕ ಉಂಡ. ಸಾರು ಬಡಿಸಲು ಯಾರೂ ಬರಲಿಲ್ಲ. ಬೇಡ ಎನ್ನುವ ಕಷ್ಟವೂ ಅವನಿಗೆ ಬರಲಿಲ್ಲ.

ಸಂಜೆ ಇಳಿಯುವಾಗ ಹನುಮಣ್ಣ ಕಾರು ಹತ್ತಲಿಲ್ಲ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಕಾಂತೇಶನ ಜೊತೆ ನಡೆದು ಹೋದ. ಯರ್ರಿಸ್ವಾಮಿ ಹೆಂಗಸರನ್ನು ಕೂರಿಸಿಕೊಂಡು ತಿರುವಿಗೆ ಬಂದಾಗ ಇಬ್ಬರೂ ಕೆಟ್ಟ ಕಾರಿನಲ್ಲಿ ಬಾಗಿಲು ತೆರೆದುಕೊಂಡು ಕೂತು, ಎಳೆದೊಯ್ಯುವ ಟ್ರ್ಯಾಕ್ಟರಿಗೆ ಕಾಯುತ್ತಿದ್ದರು. ಯರ್ರಿಸ್ವಾಮಿ ವೇಗ ತಗ್ಗಿಸಿದ. ಅವರು ಹೋಗಿ ಎನ್ನುವಂತೆ ಕೈ ಬೀಸಿದರು. ಪಕ್ಕದ ಸೀಟು ಹಿರೇಹಡಗಲಿಯ ತನಕ ಖಾಲಿ ಇತ್ತು. ಜಂಬಕ್ಕನೂ ಹಿಂದೆ, ಎರ್ರೆಮ್ಮ, ರೋಜಾ, ಚಂದನಾರ ನಡುವೆ ಒತ್ತಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಒಂದು ವಾರದ ನಂತರ, ಕೂಡ್ಲಿಗಿಯ ಗ್ಯಾರೇಜಿನಲ್ಲಿ ಇವತ್ತು ಇಂಜಿನ್ ಬಿಚ್ಚುತ್ತಾರೆಂದು ಚಂದನಾ ಫೋನಿನಲ್ಲಿ ತಂಗಿಯೊಡನೆ ಮಾತಾಡುವಾಗ ಯರ್ರಿಸ್ವಾಮಿಗೆ ಕೇಳಿಸಿತು. ಅವನಿಗೆ ಯಾರೂ ಹೇಳಿರಲಿಲ್ಲ. ಅಂಗಡಿ ಶಟರ್ ಎಳೆದು ಹೋದ. ಹನುಮಣ್ಣ ಗ್ಯಾರೇಜಿನ ಮುಂದೆ ಟೈರಿನ ಮೇಲೆ ಕೂತಿದ್ದ. ಕಾಂತೇಶ ಒಳಗೆ ಬಗ್ಗಿ ನೋಡುತ್ತಿದ್ದ.

"ಬರ್ರಿ," ಎಂದ ಹನುಮಣ್ಣ, ಸ್ವಲ್ಪ ಸರಿದು ಜಾಗ ಕೊಡುತ್ತ. ಯರ್ರಿಸ್ವಾಮಿ ಕೂರಲಿಲ್ಲ.

ಮೆಕ್ಯಾನಿಕ್ ಓಬಳೇಶ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಹೊಸ ಮುಖ ನೋಡಿದ. "ಗಾಡಿ ಇವರದೇನ್ರಿ?"

"ಅಲ್ಲ," ಎಂದ ಹನುಮಣ್ಣ. "ಅವರು ಕೊಟ್ಟೂರಿನವರು. ಮೋಟಾರ್ ರಿವೈಂಡಿಂಗ್ ಮಾಡ್ತಾರ."

ಓಬಳೇಶ್ ತಲೆಯಾಡಿಸಿ, ನೆಲದ ಮೇಲೆ ಹರವಿದ ಗೋಣಿಚೀಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೂರು ಸಿಲಿಂಡರಿನ ಇಂಜಿನ್. ಒಂದು ಪಿಸ್ಟನ್ ಉಳಿದಿತ್ತು; ಅದನ್ನು ಬೇರೆ ಇಟ್ಟಿದ್ದ. ಕೆಟ್ಟದ್ದನ್ನು ಒಂದೊಂದಾಗಿ ಎತ್ತಿ, ಬಿಸಿಲಿಗೆ ಹಿಡಿದು ತೋರಿಸಿ, ಸಾಲಾಗಿ ಇಟ್ಟ. ಪಿಸ್ಟನ್ ಎರಡು. ರಿಂಗು ಆರು. ಪ್ಲಗ್ ಒಂದು. ಹೆಡ್ ಗ್ಯಾಸ್ಕೆಟ್ ಒಂದು.